ಆರನೇ ಮಹಡಿಗೆ ಬೆಂಬಲವಿಲ್ಲ

ಆ ವಸತಿ ಕಟ್ಟಡದ ಕಾರ್ಯದರ್ಶಿ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಸಾಕು, ಸುತ್ತಲಿನ ಮೂರು ಬೀದಿಗಳ ಕಂಪ್ಯೂಟರುಗಳು ಎದ್ದು ನಿಂತು ಕೈಮುಗಿಯುತ್ತಿದ್ದವು. ವೈರಸ್ಸುಗಳಂತೂ ಅವನ ಹೆಸರು ಕೇಳಿಯೇ ಊರು ಬಿಟ್ಟಿದ್ದವು. ನಂಬಿಕೆ ಬರದಿದ್ದರೆ ವೈರಸ್ಸುಗಳನ್ನೇ ಕೇಳಿ.

ಇಂಥ ಮಹಾನುಭಾವನ ನೆಲಮಹಡಿಯ ಮನೆಯಲ್ಲಿ, ಅವನದೇ ಸೋಫಾದ ಮೇಲೆ, ಕೆಲವು ದಿನಗಳಿಂದ ವ್ಯಾಕರಣದ ಮೇಷ್ಟ್ರು ಮಲಗಿದ್ದರು. ಮಂಡಿಯ ಆಪರೇಷನ್ ಮುಗಿಸಿ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಲಿಫ್ಟು ಕೈಕೊಟ್ಟಿತ್ತು. ಆರನೇ ಮಹಡಿಯಲ್ಲಿ ಇರುವುದು ಅವರೊಬ್ಬರದೇ ಮನೆ. ಅಲ್ಲಿ ಕಿಟಕಿಯ ಪಕ್ಕದ ತಮ್ಮ ಹಾಸಿಗೆಯಿಂದ ರೈಲು ಹೋಗುವುದನ್ನು ನೋಡದಿದ್ದರೆ ಅವರಿಗೆ ನಿದ್ದೆ ಹತ್ತದು. ನಿದ್ದೆಗೆಟ್ಟ ವ್ಯಾಕರಣದ ಮೇಷ್ಟ್ರು ಮನೆಯಲ್ಲಿದ್ದರೆ ಉಳಿದವರು ಬಾಯಿ ಬಿಡುವಂತಿಲ್ಲ. ಲಿಫ್ಟು ಯಾಕೆ ನಿಂತಿತೆಂದು ಕಟ್ಟಡದ ಪ್ರತಿಯೊಬ್ಬರಿಗೂ ಒಂದೊಂದು ಅಭಿಪ್ರಾಯವಿತ್ತು. ಮೆಟ್ಟಿಲು ಹತ್ತಿ ನೋಡಿದವರು ಮಾತ್ರ ಒಬ್ಬರೂ ಇಲ್ಲ.

"ಹೆದರ್ಬೇಡಿ ಮೇಷ್ಟ್ರೇ," ಎಂದ ಕಾರ್ಯದರ್ಶಿ ಬೆಳಿಗ್ಗೆ. "ಸಾಯಂಕಾಲದೊಳಗೆ ನಿಮ್ಮನ್ನ ಮೇಲಕ್ಕೆ ಕಳಿಸ್ತೀನಿ."

"ಮೇಲಕ್ಕೆ ಬೇಡಪ್ಪ, ಆರನೇ ಮಹಡಿಗೆ ಸಾಕು. ವಾಕ್ಯದಲ್ಲಿ ಕರ್ತೃ, ಕರ್ಮ ಇದ್ರೆ ಸಾಲದು, ವಿಳಾಸಾನೂ ಇರ್ಬೇಕು."

ಲಿಫ್ಟಿನ ಕಂಪನಿಯವರು ಫೋನು ಎತ್ತುವ ಪೈಕಿಯಲ್ಲ, ದೂರೆಲ್ಲ ವೆಬ್‌ಸೈಟಿನಲ್ಲೇ. ಅದನ್ನು ಮೊಬೈಲಿನಲ್ಲಿ ತೆರೆದರೆ ಕಂಪ್ಯೂಟರಿನಲ್ಲಿ ಬನ್ನಿ ಎಂದಿತು. ಕಾರ್ಯದರ್ಶಿಯ ಬಳಿ, ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾಗ ಕೊಂಡ, ಹೊಸ ಕಂಪ್ಯೂಟರೇ ಇತ್ತು. ತಂದ ದಿನವೇ, ಎಲ್ಲರ ಕಂಪ್ಯೂಟರಿನಲ್ಲೂ ಇರುವ ತಂತ್ರಾಂಶ ಕಿತ್ತುಹಾಕಿ, ಅದಕ್ಕೆ ಲಿನಕ್ಸ್ ಹಾಕಿದ್ದ. ಆನೆಮರಿ ಹಿಡಿಸುವಂಥ ಅದರ ಖಾಲಿ ಪೆಟ್ಟಿಗೆಯನ್ನು, ಹೆಂಡತಿಯ ಬೈಗುಳಕ್ಕೆ ಹೆದರಿ, ಯಾರ ಕಣ್ಣಿಗೂ ಬೀಳದ ಕಡೆ ಸಾಗಿಸಿ, ಮೆಟ್ಟಿಲಿಳಿದು ಬಂದೂ ಆಗಿತ್ತು.

ವೆಬ್‌ಸೈಟು ತೆರೆಯಿತು. ‘ನಿಮ್ಮ ಬ್ರೌಸರಿಗೆ ಬೆಂಬಲವಿಲ್ಲ’ ಎಂದಿತು. ಬೇರೊಂದು ಬ್ರೌಸರಿನ ಹೆಸರು ಹೇಳಿತು. ಅದನ್ನು ಮಾಡಿದವರಿಗೂ ಲಿನಕ್ಸಿಗೂ ಎಣ್ಣೆ ಸೀಗೆಕಾಯಿ.

"ಲಿನಕ್ಸಲ್ಲಿ ನಡೆಯಲ್ಲ ಅಂತ ಬರೆದಿದೆಯಲ್ರೀ," ಎಂದಳು ಹೆಂಡತಿ.

"ನಡೆಯಲ್ಲ ಅಂದ್ರೆ ಎತ್ಕೊಂಡು ಹೋದ್ರಾಯ್ತು."

ಕಾರ್ಯದರ್ಶಿ ಕಪ್ಪು ಪರದೆ ತೆರೆದು ಆಜ್ಞೆಗಳನ್ನು ಕುಟ್ಟತೊಡಗಿದ. ಬ್ರೌಸರು ತನ್ನ ಜೊತೆಗೆ ಇನ್ನೊಂದು ಫೈಲು ಬೇಕೆಂದಿತು. ಆ ಫೈಲು ತನ್ನ ಇಬ್ಬರು ತಮ್ಮಂದಿರನ್ನು ಬಿಟ್ಟು ಬರುವುದಿಲ್ಲವೆಂದಿತು. ತಮ್ಮಂದಿರನ್ನು ಕರೆದರೆ ಹಿಂದೆಯೇ ಅವರ ಷಡ್ಡಕರು, ಷಡ್ಡಕರ ಬೀಗರು. ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನೊಳಗೆ ಒಂದು ಮದುವೆಗಾಗುವಷ್ಟು ನೆಂಟರು ಸೇರಿದ್ದರು. ಮದುಮಗ ಮಾತ್ರ ನಾಪತ್ತೆ.

ಹೊರಗೂ ಜನಕ್ಕೆ ಬರವಿರಲಿಲ್ಲ. ಎರಡನೇ ಮಹಡಿಯ ಟೈಲರಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಮೂರನೇ ಮಹಡಿಯ ಬಸ್ ಕಂಡಕ್ಟರು ರಜೆಯಲ್ಲಿದ್ದ, ಅವನೂ ಬಂದ. ಅಷ್ಟರಲ್ಲಿ ಪರದೆ ಪಾಸ್‌ವರ್ಡ್ ಕೇಳಿತು. ಕಾರ್ಯದರ್ಶಿ ಒತ್ತಿದ; ಒಂದಕ್ಷರವೂ ಮೂಡಲಿಲ್ಲ.

"ಕೀಬೋರ್ಡು ಹೋಯ್ತು," ಎಂದ ಕಂಡಕ್ಟರು.

"ಹೋಗಿಲ್ಲ. ಇದ್ರಲ್ಲಿ ಪಾಸ್‌ವರ್ಡು ಯಾರಿಗೂ ಕಾಣದ ಹಾಗೆ ಒಳಗೆ ಹೋಗುತ್ತೆ."

"ಟಿಕೆಟ್ ಇಲ್ದೆ ಹತ್ತೋರ ಥರ ಅನ್ನಿ," ಎನ್ನುತ್ತ ಅವನೂ ಪರೀಕ್ಷೆಗೆಂದು ಒಂದಿಷ್ಟು ಗುಂಡಿ ಒತ್ತಿದ. ಗುಂಡಿಗಳು ಸಡಿಲವಾಗಿರಬೇಕೆಂದು ಟೈಲರಕ್ಕ ಎಳೆದು ನೋಡಿದಳು. ಒಂದು ಅವಳ ಕೈಗೇ ಬಂತು.

"ಹೊಲಿದು ಕೊಡ್ಲಾ?" ಎಂದಳು.

ಹೊತ್ತು ಇಳಿಯುವಾಗ, ಆ ಒಂದು ಗುಂಡಿಯ ಹಂಗಿಲ್ಲದೆಯೇ, ಬ್ರೌಸರು ಕಣ್ಣು ಬಿಟ್ಟಿತು. ಲಿನಕ್ಸ್ ಹುಟ್ಟಿದಾಗಿನಿಂದ ಯಾರಿಂದಲೂ ಆಗದ ಕೆಲಸವಿದು ಎಂದು ಎಲ್ಲರೂ ಹೊಗಳಿದರು. ಎಲ್ಲರ ಪರವಾಗಿ ಕಾರ್ಯದರ್ಶಿಯೇ ಹೊಗಳಿದ. ವೆಬ್‌ಸೈಟು ಸ್ವಾಗತ ಕೋರಿತು, ಲಿಫ್ಟಿನ ನಂಬರು ಕೇಳಿತು, ತುಸು ಯೋಚಿಸಿತು.

‘ನಿಮ್ಮ ಲಿಫ್ಟಿಗೆ ಬೆಂಬಲವಿಲ್ಲ. ಹೊಸದನ್ನು ಕೊಳ್ಳಿ.’

"ವಾಕ್ಯದಲ್ಲೇನೂ ತಪ್ಪಿಲ್ಲ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ, ಗೋಡೆಯ ಕಡೆ ತಿರುಗಿಕೊಂಡು.

ಹೆಂಡತಿಗೆ ಅದನ್ನು ನೋಡಲಾಗಲಿಲ್ಲ. "ಮೇಷ್ಟ್ರೇ, ಬೆಂಬಲ ಅಂದ್ರೆ ಏನರ್ಥ?"

"ಬೆನ್ನಿಗಿರೋ ಬಲ ಕಣಮ್ಮ."

"ಇಲ್ಲಿ ನಾಲ್ಕು ಬೆನ್ನಿವೆಯಲ್ಲ. ಏಳ್ರೀ, ಕುರ್ಚಿ ತನ್ನಿ."

ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರೂ ಹೊತ್ತರು. ಆರು ಮಹಡಿ ಹತ್ತುವಾಗಲೂ ಮುಕ್ಕಾಲು ಭಾರ ಕಾರ್ಯದರ್ಶಿಯದೇ ಎಂಬುದರಲ್ಲಿ ಕಾರ್ಯದರ್ಶಿಗೆ ಸಂಶಯವಿರಲಿಲ್ಲ. ಪ್ರತಿ ಮಹಡಿಯಲ್ಲೂ ಕಂಡಕ್ಟರು "ಇಳಿಯೋರು ಇದ್ದೀರಾ?" ಎಂದು ಕೇಳಿ, ತಾನೇ "ರೈಟ್" ಎನ್ನುತ್ತಿದ್ದ. ಮೇಷ್ಟ್ರು ಬಹಳ ದಿನಗಳ ಮೇಲೆ ನಕ್ಕರು.

ಮೇಲೆ ತಲುಪಿ ನೋಡಿದರೆ ಲಿಫ್ಟು ಅಲ್ಲೇ ನಿಂತಿದೆ. ಅದರ ಜಾಲರಿ ಬಾಗಿಲು ಪೂರ್ತಿ ಮುಚ್ಚದ ಹೊರತು ಅದು ಅಲುಗುವುದಿಲ್ಲ. ಬಾಗಿಲ ಸಂದಿಯಲ್ಲಿ ಆನೆಮರಿ ಹಿಡಿಸುವಂಥ ಪೆಟ್ಟಿಗೆಯೊಂದು ಸಿಕ್ಕಿಕೊಂಡಿದೆ. ಟೈಲರಕ್ಕ ಎಳೆದಳು. ಬಾಗಿಲು ಮುಚ್ಚಿತು. ಯಾರೋ ಕೆಳಗೆ ಗುಂಡಿ ಒತ್ತಿದರು. ಲಿಫ್ಟು ಏನೂ ಆಗದಂತೆ ಇಳಿದುಹೋಯಿತು.

"ಯಾರದಿದು ಪೆಟ್ಟಿಗೆ?" ಎಂದ ಕಂಡಕ್ಟರು, ಸೊಂಟ ಹಿಡಿದುಕೊಂಡು. ಹೆಂಡತಿ ಗಂಡನನ್ನೇ ನೋಡುತ್ತಿದ್ದಳು.

"ಯಾರೋ ಇಟ್ಟಿದಾನೆ," ಎಂದ ಕಾರ್ಯದರ್ಶಿ. "ತಲೆ ಇಲ್ಲ ಅವನಿಗೆ."

"ಯಾರೋ, ಅವನು," ಎಂದರು ಮೇಷ್ಟ್ರು ಕುರ್ಚಿಯಿಂದಲೇ. "ಬರೀ ಅನ್ಯಪುರುಷ ಆಯ್ತಲ್ಲಪ್ಪ. ಒಂದ್ಸಲ ಉತ್ತಮ ಪುರುಷನಾಗು. ‘ನಾನು’ ಅಂತ ಶುರು ಮಾಡು."

ಮೇಷ್ಟ್ರ ಕಿಟಕಿಯಾಚೆ ರೈಲೊಂದು ಕೂಗಿ ಹೋಯಿತು.

"ನಾನೇ ಇಟ್ಟಿದ್ದು, ಮೇಷ್ಟ್ರೇ," ಎಂದೆ. ಕಂಪ್ಯೂಟರುಗಳು ಎದ್ದು ಕೈಮುಗಿಯುತ್ತಿದ್ದವು ಎಂದವನೂ ನಾನೇ.