ಚೆಂಡು ಒದ್ದ ಕಾಲಿಗೆ ಎಣ್ಣಿ

ಹೆಣ್ಣುಮಕ್ಕಳೂ ದಣೀತಾರ ಅಂತ ನಾ ಜೀವನಪೂರ್ತಿ ಹೇಳಿಕೋತ ಬಂದೇನಿ, ಕೇಳಿದವ್ರು ಜೀವನಪೂರ್ತಿ ನಕ್ಕೋತ ಬಂದಾರ. ಒಂದ್ಸಲ ಆದ್ರ ಸಿಟ್ಟು ಬರತೈತಿ, ಹತ್ತು ಸಲ ಆದ್ರ ಅಳು ಬರತೈತಿ, ಅದರ ಮುಂದ ಮತ್ತ ನಗೂನ ಬರತೈತಿ. ನಾ ಈಗ ನಗೋ ಕಡೆ ಬಂದು ಕುಂತೇನಿ, ಅದಕ್ಕ ಹೇಳ್ತೇನಿ.

ಜಗತ್ತಿನ ಎರಡನೇ ಲಡಾಯಿ ನಡದಿದ್ದ ಕಾಲ. ನಾ ಹಾನಗಲ್ಲಿನ ಹೆಣ್ಣುಮಕ್ಕಳ ಸಾಲ್ಯಾಗ ಅಕ್ಕಾರು. ಪಾಠ ಹೇಳಾಕಿಗೆ ನಮ್ಮ ಕಡೆ ಅಕ್ಕಾರ ಅಂತಾರ, ವಯಸ್ಸು ಇಪ್ಪತ್ತೆರಡ ಇದ್ರೂ. ಒಂದಿನ ಧಾರವಾಡದಿಂದ ಪೆಟಗಿ ಬಂತು. ನಾವು ಕೇಳಿದ್ದು ಸೂಜಿ, ದಾರ, ಕಸೂತಿ ಬಟ್ಟಿ. ತಗದು ನೋಡಿದ್ರ ಒಳಗ ಚರ್ಮದ ಕಾಲ್ಚೆಂಡು! ಸೂಜಿ-ದಾರ ಗಂಡುಮಕ್ಕಳ ಸಾಲಿಗೆ ಹೋಗಿತ್ತು. ಅದಲಿ ಬದಲಿ ಮಾಡ್ಕೊಳ್ಳೋಣ್ರಿ ಅಂತ ಅಲ್ಲಿ ಹೆಡ್‌ಮಾಸ್ತರಿಗೆ ಕೇಳಿದೆ. "ಹಂಗ ಬರಂಗಿಲ್ರಿ ಅಕ್ಕಾರ. ನಿಮ್ಮ ಹೆಸರಿಗೆ ಬಂದದ್ದು ನಿಮ್ಮದು. ಮ್ಯಾಲಿಂದ ಹುಕುಂ ಬರಬೇಕು" ಅಂದ್ರು. ಹುಕುಂ ಬರಲಿಲ್ಲ. ಅವರ ಹುಡುಗರು ಕಸೂತಿ ಕಲತ್ರೋ ಬಿಟ್ರೋ ಗೊತ್ತಿಲ್ಲ, ನಮ್ಮ ಹುಡುಗ್ಯಾರು ಸೀರಿ ಕಚ್ಚಿ ಹಾಕಿ ಚೆಂಡು ಒದಿಯಾಕ ಕಲತ್ರು. ಸಾಲಿ ತಪಾಸಣಿಗೆ ಬಂದ ಇನ್ಸ್‌ಪೆಕ್ಟರ್ ಬಾಯಿಯವರು ನೋಡಿ ಖುಷಿಯಾಗಿ, "ಶಿಗ್ಗಾಂವಿ ಹುಡುಗ್ಯಾರೂ ಆಡಾಕತ್ತಾರ. ದೀಪಾವಳಿ ಮುಂದ ಅಲ್ಲಿ ಹೋಗಿ ಆಡಿ ಬರ್ರಿ" ಅಂತ ಬರದು ಕೊಟ್ಟು ಹೋದ್ರು.

ನಮ್ಮ ಪೈಕಿ ಹುಲಿ ಅಂದ್ರ ಒಬ್ಬಾಕಿ. ಹದಿಮೂರು ವರ್ಷದಾಕಿ, ಮೈ ಒಣಕಲು, ಎಡಗಾಲಿಲೆ ಒದ್ಲು ಅಂದ್ರ ಚೆಂಡು ಕೆರಿ ದಂಡಿಗೆ ಹೋಗಿ ಬೀಳೋದು. ಎಡಗಾಲಿ ಅಂತನ ಕರೀತಿದ್ವಿ. "ಅಕ್ಕಾರ, ಶಿಗ್ಗಾಂವ್ಯಾಗ ಒಂದ ಒಂದು ಗೋಲು ಹೊಡದ್ರ ಸಾಕ್ರಿ. ಆಮ್ಯಾಲ ಏನರ ಆಗಲಿ" ಅಂತಿದ್ಳು. ಆಮ್ಯಾಲ ಏನರ ಆಗಲಿ ಅನ್ನೋ ಮಾತು ಯಾರೂ ಹಗರಕ ಆಡಬಾರದು ನೋಡ್ರಿ.

ಟ್ರೇನಿಂಗಿನ್ಯಾಗ ನನಗ ಹೇಳಿಕೊಟ್ಟಿದ್ರು: ಆಡಿದ ಮೈಗೆ ಮೂರು ಬೇಕು. ಹೊಟ್ಟಿಗೆ ಚಲೋ ಊಟ, ಕೈಕಾಲಿಗೆ ಎಣ್ಣಿ, ಆಮ್ಯಾಲ ವಿಶ್ರಾಂತಿ. ಇವು ಸಿಗಲಿಲ್ಲಂದ್ರ ಆಟಾನ ಮೈಯನ್ನ ತಿಂತೈತಿ. ಆಡಸೋದು ನನ್ನ ಕೈಯಾಗಿತ್ತು. ಉಳಿದ ಮೂರೂ ಮನಿಯವರ ಕೈಯಾಗಿದ್ವು.

ದಣದಾಂವ, ಆಡಿದಾಕಿ

ಎಡಗಾಲಿ ಮುಂಜಾನೆ ಸಾಲಿಗೆ ಬಂದಾಕಿನ ಗ್ವಾಡಿಗೆ ಆತಗೊಂಡು ತೂಕಡಸ್ತಿದ್ಳು. ಯಾಕ ಅಂತ ನೋಡಾಕ ಒಂದು ಸಂಜಿ ಆಟ ಮುಗಿಸಿ ಆಕಿ ಕೂಡ ನಾನೂ ಅವರ ಮನಿಗೆ ಹೋದೆ. ಆಕಿ ಅಣ್ಣ ಗರಡಿಮನಿಗೆ ಹೋಗಾಂವ. ಅಂವನೂ ಅದ ಹೊತ್ತಿಗೆ ಸಾಮು ಮಾಡಿ ಬಂದು ಪಡಸಾಲ್ಯಾಗ ಕಂಬಳಿ ಮ್ಯಾಲ ಅಡ್ಡಾದ. ಅವ್ವ ಓಡಿ ಬಂದು ಬದಾಮಿ ಅರದು ಹಾಕಿದ ಹಾಲು ಚರಿಗಿ ತುಂಬ ಕೊಟ್ಳು. ಮಗಳ ಕಡೆ ತಿರಗಿ, "ಬಂದ್ಯಾ? ಬುಟ್ಟ್ಯಾಗ ಜ್ವಾಳ ಐತಿ, ಬೀಸು" ಅಂದ್ಳು.

"ಅವ್ವಾರ, ಇಕಿನೂ ದಣದಾಳ್ರಿ" ಅಂದೆ.

"ಅಂವ ದಣದು ಬಂದಾನ್ರಿ ಅಕ್ಕಾರ. ಇಕಿ ಆಡಿ ಬಂದಾಳ."

"ಬೆವರು ಇಬ್ಬರದೂ ಉಪ್ಪ ಅಲ್ಲೇನ್ರಿ?"

ಮೂಲ್ಯಾಗ ಕುಂತಿದ್ದ ಅಜ್ಜಿಗೆ ಈ ಮಾತು ಸೇರಲಿಲ್ಲ. "ಬೀಸಿ, ನೀರು ತಂದು, ಮ್ಯಾಲ ಚೆಂಡು ಒದಿಯಾಕೂ ಕಾಲಾಗ ಕಸುವು ಉಳದೈತಿ ಅಂದ್ರ ಕೆಲಸ ಸಾಲವಲ್ದು ಅಂತಾತು. ನಾಳಿಂದ ಇನ್ನೊಂದು ಸೇರು ಹಾಕು" ಅಂತ ಸೊಸಿಗೆ ಹೇಳಿದ್ಳು. ನಾ ಕೇಳಾಕ ಹೋಗಿದ್ದು ಹಾಲು, ಹುಡುಗಿಗೆ ಕೊಡಿಸಿ ಬಂದದ್ದು ಒಂದು ಸೇರು ಜ್ವಾಳ.

ಆದ್ರೂ ಬಿಡಲಿಲ್ಲ. ಹೊಂಟು ನಿಂತಾಗ, ಆಡಿದ ಕಾಲಿಗೆ ದಿನಾ ಎಣ್ಣಿ ತಿಕ್ಕರಿ, ಇಲ್ಲಂದ್ರ ನರ ಹಿಡೀತಾವು ಅಂತ ಅವ್ವಗ ತಿಳಿಸಿ ಹೇಳಿದೆ. ನಾಕು ದಿನ ಬಿಟ್ಟು ಸಂತ್ಯಾಗ ಸಿಕ್ಕಾಗ ಆ ತಾಯಿ ತಾನಾಗೆ ಕರದು ಹೇಳಿದ್ಳು: "ನಿಮ್ಮ ಮಾತು ನಡಸಾಕತ್ತೇವ್ರಿ ಅಕ್ಕಾರ. ದಿನಾ ಸಂಜಿಗೆ ಎಣ್ಣಿ ತಿಕ್ಕೋದು ತಪ್ಪಿಲ್ಲ." ನನಗ ಅದೆಷ್ಟು ಸಂತೋಷ ಆತು ಅಂತೀರಿ! ಅದ ಸಂಜಿ ಕಣ್ಣಾರೆ ನೋಡಬೇಕಂತ ಹೋದೆ. ಖರೇನ ತಿಕ್ಕಾಕತ್ತಿದ್ರು. ಅಣ್ಣ ಅಂಗಾತ ಮಲಗಿದ್ದ, ಎಡಗಾಲಿ ಬಟ್ಟಲ ಹಿಡಕೊಂಡು ಅವನ ಮೀನಖಂಡ ತಿಕ್ಕಾಕತ್ತಿದ್ಳು.

ಅಣ್ಣನ ಕಾಲಿಗೆ ಪಟ್ಟು

ಮುಂದ ಒಂದಿನ ಆಡೋ ಹೊತ್ತಿನ್ಯಾಗ ಎಡಗಾಲಿಯ ಅದ ಎಡಗಾಲು ಉಳಕಿತು. ಪಾದದ ಮ್ಯಾಲಿನ ಹರಡು ಬಾತು ಬದನಿಕಾಯಿ ಆತು. ಉಳುಕು ತಗಿಯೋದ್ರಾಗ ಗರಡಿಮನಿ ಉಸ್ತಾದನ್ನ ಬಿಟ್ರ ಊರಾಗ ಇನ್ನೊಬ್ಬರಿಲ್ಲ. ಲಡಾಯಿ ದಿನದಾಗ ಎಣ್ಣಿ ಸಿಗೋದ ಕಷ್ಟ, ಹೆಂಗೋ ಒಂದು ಬಟ್ಟಲ ಹೊಂದಿಸಿಕೊಂಡು ಹುಡುಗಿನ್ನ ಕರಕೊಂಡು ಹೋದೆ.

ಉಸ್ತಾದ ಹೊರಗ ಬಂದು ಮಾರಿ ಅತ್ಲಾಗ ತಿರಗಿಸಿ ನಿಂತ. "ಹೆಣ್ಣುಮಗಳ ಕಾಲು ನಾ ಮುಟ್ಟಂಗಿಲ್ರಿ. ಹಣಮಪ್ಪನ ಆಣಿ ಐತಿ."

"ಹಂಗಾರ ನನಗ ತೋರಸ್ರಿ, ನಾ ತಿಕ್ಕತೇನಿ."

"ತೋರಸಬೇಕಂದ್ರ ಒಂದು ಕಾಲು ಬೇಕಲ್ರಿ. ಇವರಣ್ಣ ಒಳಗದಾನ, ಕರೀತೇನಿ ತಡೀರಿ."

ಅಣ್ಣ ಬಂದು ಕಟ್ಟಿ ಮ್ಯಾಲ ಕಾಲು ಚಾಚಿದ. ಉಸ್ತಾದ ಎಣ್ಣಿ ಬೆಚ್ಚಗ ಮಾಡಿ ಅವನ ಕಾಲು ತಿಕ್ಕಿದ, ಕಾಲಬಟ್ಟು ಎಳದ, ಹರಡು ತಿರಿವಿದ, ಮತ್ತ ತಿಕ್ಕಿದ. ಅರ್ಧ ತಾಸು ಆತು. ಅಣ್ಣ ಗೊರಕಿ ಹೊಡಿಯಾಕತ್ತ. ಕಡೀಕ ಅರಿಷಿಣ-ಸುಣ್ಣದ ಪಟ್ಟು ಹಾಕಿ ಬಟ್ಟಿಲೆ ಬಿಗದು ಕಟ್ಟಿದ ಉಸ್ತಾದ, "ತಿಳೀತಲ್ರಿ ಅಕ್ಕಾರ? ಇಷ್ಟ. ಈಗ ನೀವು ಮಾಡ್ರಿ" ಅಂದ. ನಾ ಬಟ್ಟಲ ನೋಡಿದೆ. ತಳದಾಗ ಒಂದು ಹನಿ ಇರಲಿಲ್ಲ.

ಪಟ್ಟು ಬಿಗಿಯಾಗಿ ಅಣ್ಣ ಕುಂಟಕೋತ ಹೊಂಟ. ಹಿಂದ ತಂಗಿ, ಅವನ ಪಂಚೆ-ಟವೆಲು ಹೊತಗೊಂಡು ತಾನೂ ಕುಂಟಕೋತ ಹೊಂಟ್ಳು. ಮನಿ ಬಾಗಲದಾಗ ನಿಂತಿದ್ದ ಅವ್ವ ನೋಡಿ ಎದಿ ಎದಿ ಬಡಕೊಂಡ್ಳು. "ಅಯ್ಯ ನನ್ನ ಬಂಗಾರ, ಏನ ಮಾಡಕೊಂಡ್ಯೋ ಕಾಲಿಗೆ!" ಅಂವ ಬಾಯಿ ಬಿಡಲಿಲ್ಲ. ಯಾಕ ಬಿಡತಾನ? ಎಂಟು ದಿನ ಹಾಸಿಗಿ ಮ್ಯಾಲ ಹಾಲು, ಬದಾಮಿ ಎಲ್ಲಾ ಬಂತು. ಅವನ ಪಾಲಿನ ದನದ ನೀರು ತಂಗಿ ಪಾಲಿಗೆ ಬಂತು. ಒಂಬತ್ತನೇ ದಿನ ಅಂವ ಎದ್ದು ನೆಟ್ಟಗ ನಡದ. ಉಳುಕಿದ ಕಾಲು ಎಂಟ ದಿನದಾಗ ವಾಸಿ ಮಾಡಿದೆ ಅಂತ ಉಸ್ತಾದ ಊರ ತುಂಬ ಹೇಳಿಕೋತ ತಿರಗಿದ.

ಚೆಂಡಿನ ಮೂರು ದಿನ

ಈ ನಡುವ ಗೋಲು ಕಾಯೋ ಹುಡುಗಿ ಒಂದು ಸೋಮವಾರ ಜಿಂಕಿ ಆಗಿ ಜಿಗಕೋತ ಬಂದ್ಳು. "ಏನವಾ, ಭಾಳ ಹುರುಪು?" ಅಂದೆ.

"ಕಾಗಿ ಮುಟ್ಟಿತ್ರಿ ಅಕ್ಕಾರ" ಅಂತ ಕಿವ್ಯಾಗ ಹೇಳಿದ್ಳು. ತಿಂಗಳಿಗೊಮ್ಮೆ ಹೆಣ್ಣುಮಕ್ಕಳು ಹೊರಗ ಕುಂಡ್ರೋದಕ್ಕ ನಮ್ಮ ಕಡೆ ಹಂಗ ಅಂತಾರ. "ಮೂರು ದಿನ ನೀರಿಲ್ಲ, ಬೀಸೋದಿಲ್ಲ, ರೊಟ್ಟಿ ಬಡಿಯೋದಿಲ್ಲ. ಚಾಪಿ ಮ್ಯಾಲ ಕುಂತಲ್ಲೆ ಊಟ ಬರತಿತ್ರಿ. ಕಾಲು ಹತ್ತಿ ಆಗ್ಯಾವು!"

ಟ್ರೇನಿಂಗಿನ್ಯಾಗ ಹೇಳಿದ ವಿಶ್ರಾಂತಿ ಕಡೀಕ ಹಿತ್ತಲದಾಗ ಸಿಕ್ಕಿತ್ತು. ಸುದ್ದಿ ಆಟದ ಹುಡುಗ್ಯಾರಿಗೆಲ್ಲ ಹಬ್ಬಿತು. ಜೋರು ಆಡಿಸಿದ ಮರುದಿನ ನಾಕು ಮಂದಿಗೆ ಒಮ್ಮೆಲೆ ಕಾಗಿ ಮುಟ್ಟತಿತ್ತು. ಹದಿನೈದು ದಿನಕ್ಕ ಮತ್ತ. ನಾ ನೋಡಿಯೂ ನೋಡದಂಗ ಇದ್ದೆ. ಇಬ್ಬರ ಮಾರಿ ಮಾತ್ರ ಬಾಡಿತ್ತು. "ನಮ್ಮನ್ಯಾಗ ಮೈಲಿಗಿ ಪಾಳಸಂಗಿಲ್ರಿ. ಶರಣರು ಅದನ್ನೆಲ್ಲ ಕಿತ್ತು ಒಗದಾರಂತ. ಜ್ವರ ಬಂದ್ರೂ ಬೀಸಬೇಕ್ರಿ" ಅಂತ ಅತ್ತಕೊಂಡ್ರು. ಮೈಲಿಗಿ ತಗದ ದೊಡ್ಡವರು ಕೆಲಸಾನೂ ಒಂಚೂರು ತಗದಿದ್ರ ಏನಾಗತಿತ್ತು ಅಂತ ನನಗೂ ಅನಿಸಿತು.

ಒಂದಿನ ಸಾಲಿ ಕಮಿಟಿ ಹಿರೇರು ಬಂದ್ರು. ಗೋಲು ಕಾಯಾಕಿ ಅವರ ಮೊಮ್ಮಗಳು. ತಲಿ ಮ್ಯಾಲಿನ ಪಟಗಾ ಸರಿ ಮಾಡಕೊಂಡ್ರು, ಕೆಮ್ಮಿದ್ರು. "ಅಕ್ಕಾರ, ಆ ಚೆಂಡಿನ್ಯಾಗ ಏನೋ ಐತ್ರಿ."

"ಗಾಳಿ ಐತ್ರಿ" ಅಂದೆ.

"ಹಂಗಲ್ರಿ... ನಮ್ಮ ಹುಡುಗಿಗೆ ಒಂದು ತಿಂಗಳದಾಗ ಮೂರು ಸಲ..." ಬೇವಿನ ಗಿಡದಾಗ ಕುಂತ ಕಾಗಿಗೆ ಕೈ ಮಾಡಿ ತೋರಿಸಿದ್ರು. "ಓಣಿ ತುಂಬ ಹಂಗ ಆಗಾಕತ್ತೈತಿ. ಸತ್ತ ದನದ ಚರ್ಮ, ಹೆಣ್ಣುಮಕ್ಕಳ ಮೈಗೆ ಆಗಿ ಬರವಲ್ದು."

ನಿಜ ಹೇಳಿದ್ರ ಹುಡುಗ್ಯಾರ ಬೆನ್ನಿಗೆ ಬರೆ. ಚೆಂಡು ತಂದು ಅವರ ಕೈಗೆ ಕೊಟ್ಟೆ. ಅವರ ಆಳು ಚೆಂಡನ್ನ ಗೋಮೂತ್ರದ ಬಾನ್ಯಾಗ ಮುಳುಗಿಸಿ, ಸಾಲಿ ಹಿತ್ತಲದಾಗ ಚಾಪಿ ಹಾಸಿ ಇಟ್ಟ. ಮೂರು ದಿನ ಯಾರೂ ಮುಟ್ಟಬಾರದು ಅಂತ ಹುಕುಂ ಆತು. ಅಷ್ಟು ಮಂದಿಯೊಳಗ ಯಾರ ತಕರಾರೂ ಇಲ್ಲದ ವಿಶ್ರಾಂತಿ ಸಿಕ್ಕಿದ್ದು ಚೆಂಡಿಗೊಂದಕ್ಕ.

ನೆಟ್ಟಗ ನಡದು ತೋರಸು

ಬಿಸಲಾಗ ಒಣಗಿದ ಚೆಂಡು ಕಲ್ಲಾಗಿತ್ತು. ಅದನ್ನ ಒದ್ದು, ಅರ್ಧಾಮರ್ಧ ವಾಸಿ ಆಗಿದ್ದ ಎಡಗಾಲಿಯ ಹರಡು ಮತ್ತ ಬಾತತು. ಶಿಗ್ಗಾಂವಿಗೆ ಹೋಗಾಕ ಎಂಟು ದಿನ ಉಳದಿತ್ತು. ಹುಡುಗಿ ನೆಲಕ್ಕ ಹೆಜ್ಜಿ ಊರಾಕ ಆಗವಲ್ದು, ಮನ್ಯಾಗ ಬೀಸೋದು ಬಿಡವಲ್ರು. ಎದಿಗೆ ಪಾಟಿ ಅವಚಿಕೊಂಡು ಬಂದು ನನ್ನ ಮುಂದ ನಿಂತ್ಳು. "ಅಕ್ಕಾರ, ನಾನೂ ಕುಂಡ್ರಲ್ಯಾ?"

ನನ್ನ ತಲ್ಯಾಗ ಶಿಗ್ಗಾಂವಿ ಒಂದ ತುಂಬಿತ್ತು. ಆ ಮನಿ ಮ್ಯಾಲ ಸಿಟ್ಟೂ ಇತ್ತು. "ಕುಂಡ್ರು. ಬ್ಯಾಡ ಅನ್ನಾಕ ಅವರ್ಯಾರು?" ಅಂದ್ಬಿಟ್ಟೆ. ಉಳದವರೆಲ್ಲ ವರ್ಷದ ಹಿಂದ ಕುಂತು ಬಂದವರು, ಇಕಿಗೆ ಇದು ಮೊದಲನೇದು ಅನ್ನೋದು ನನ್ನ ತಲಿಗೆ ಹೊಳೀಲಿಲ್ಲ. ಹೆಣ್ಣಾಗಿ ಹುಟ್ಟಿ ಹೊಳೀಲಿಲ್ಲ ನೋಡ್ರಿ! ಈಗೂ ನೆನಸಿಕೊಂಡ್ರ ಕೆನ್ನಿಗೆ ಹೊಡಕೋಬೇಕು ಅನಸತೈತಿ.

ಮೊದಲನೇ ಸಲ ಅಂದ್ರ ಸುಮ್ನ ಆಗತೈತೇನು? ಮೊಮ್ಮಗಳು ದೊಡ್ಡಾಕಿ ಆದ್ಳು ಅಂತ ಅಜ್ಜಿ ಓಣಿಗೆಲ್ಲ ಹೇಳಿ ಕಳಿಸಿದ್ಳು. ಹಸರು ಸೀರಿ, ಹೂವಿನ ದಂಡಿ, ಸಂಜಿಗೊಮ್ಮೆ ಆರತಿ, ಸೋಬಾನದ ಪದ. ನಾಕನೇ ದಿನ ನಾ ಹೋದಾಗ ಚಾಪಿ ಮ್ಯಾಲ ರಾಣಿ ಆಗಿ ಕುಂತಿದ್ಳು. ಮುಂದ ಉತ್ತತ್ತಿ, ಕೊಬ್ಬರಿ, ತುಪ್ಪ, ಅಂಟಿನ ಉಂಡಿ. ಅವ್ವ ತಾನಾಗೆ ಕುಂತು ಮಗಳ ಕಾಲಿಗೆ ಎಣ್ಣಿ ತಿಕ್ಕಾಕತ್ತಿದ್ಳು. ಅಣ್ಣ ಬಾಗಲದಾಗ ನಿಂತು ಉಂಡಿ ನೋಡಿಕೋತ ಜೊಲ್ಲು ನುಂಗಾಕತ್ತಿದ್ದ.

ಅವ್ವ ಒಳಗ ಹೋದಾಗ ಹುಡುಗಿ ನನ್ನ ಕೈ ಹಿಡಕೊಂಡ್ಳು. "ಬಾವು ಇಳದೈತ್ರಿ ಅಕ್ಕಾರ! ಹಾಲೂ ಕೊಟ್ರು. ಶಿಗ್ಗಾಂವಿಗೆ ಬರ್ತೇನ್ರಿ!"

ನನಗ ಖುಷಿ ಆತು ಅಂತ ಹೇಳಾಕ ನಾಚಿಕಿ ಬರತೈತಿ, ಆದ್ರ ಆತು. ಹೊರಗ ಕಟ್ಟಿ ಮ್ಯಾಲ ಅಪ್ಪನ ಕೂಡ ಯಾರೋ ಕುಂತು ಹಿರೇಕೆರೂರ ಕಡೆ ಸಂಬಂಧದ ಮಾತು ಎತ್ತಿದ್ದು ಕೇಳಿಸಿದಾಗ ಆ ಖುಷಿ ಇಳೀತು. ಅಡಗಿಮನಿಗೆ ಹೋಗಿ ಅವ್ವನ ಮುಂದ ಎಲ್ಲಾ ಬಿಚ್ಚಿ ಹೇಳಿದೆ: ಇದು ಸುಳ್ಳು, ಕಾಲಿನ ಸಲವಾಗಿ ಕುಂತಾಳ, ಕುಂಡ್ರು ಅಂದಾಕಿ ನಾನ.

ಆ ತಾಯಿ ಒಲಿ ಮ್ಯಾಲಿನ ಹಾಲು ಇಳಿಸಿ ತಣ್ಣಗ ಹೇಳಿದ್ಳು. "ಸುಳ್ಳಿದ್ರ ಇರಲಿ ಬಿಡ್ರಿ ಅಕ್ಕಾರ. ಆರತಿ ಆಗೇತಿ, ಓಣಿಗೆ ಊಟ ಹಾಕೇವಿ. ಇನ್ನ ಸಣ್ಣಾಕಿ ಅಂದ್ರ ಯಾರು ಕೇಳ್ತಾರ? ಇವತ್ತಿಲ್ಲ ನಾಳೆ ಆಗೋದ ಐತಲ್ಲ."

ಶಿಗ್ಗಾಂವಿಗೆ ಹೊಂಡೋ ಹಿಂದಿನ ದಿನ ಹಿರೇಕೆರೂರಿನವರು ಹೆಣ್ಣು ನೋಡಾಕ ಬಂದ್ರು. ಅಕ್ಕಾರ ಇರಲಿ, ಹುಡುಗಿ ಓದ್ಯಾಳ ಅಂತ ಹೇಳಾಕ ಬೇಕು ಅಂತ ನನಗೂ ಕರಿ ಬಂತು. ಹೆಣ್ಣು ಕುಂಟೋ ಕುರುಡೋ ನೋಡಾಕ ಅಂಗಳದಾಗ ನಡಿಸೋದು ಪದ್ಧತಿ. ಅವ್ವ ಮಗಳ ಕಿವ್ಯಾಗ ಹೇಳಿದ್ದು ನನಗ ಕೇಳಿಸಿತು: "ನೆಟ್ಟಗ ನಡದು ತೋರಸು. ಕಾಲು ಚಲೋ ಆಗೇತಿ ಅಂದ್ರ ನಾಳೆ ಶಿಗ್ಗಾಂವಿಗೆ ಕಳಸ್ತೇವಿ."

ಹುಡುಗಿ ನಂಬಿದ್ಳು. ನನ್ನ ಮಾರಿ ನೋಡಿ ನಕ್ಕು ಹೆಜ್ಜಿ ಇಟ್ಳು. ಕುಂಟ ನನ್ನವ್ವ, ಒಂದ ಒಂದು ಹೆಜ್ಜಿ ಕುಂಟ, ಅಂತ ನಾ ಒಳಗ ಬೇಡಕೊಂಡೆ. ಕಣ್ಣು ಮಾಡಿದೆ, ತಲಿ ಅಳ್ಳಾಡಿಸಿದೆ. ನಾ ಸಂಶಯ ಪಡಾಕತ್ತೇನಿ ಅಂತ ತಿಳಕೊಂಡ್ಳೋ ಏನೋ, ಎದಿ ಉಬ್ಬಿಸಿ ಎಡಗಾಲು ಗಟ್ಟಿಯಾಗಿ ಊರಿ, ಆ ತುದಿಯಿಂದ ಈ ತುದಿತನಕ ಆಟದ ಬೈಲಾಗ ನಡದಂಗ ನಡದು ತೋರಿಸಿದ್ಳು. ನನ್ನ ಕೈಯಾಗ ಅಷ್ಟು ಚಂದ ವಾಸಿ ಆದ ಕಾಲು ಅದೊಂದ.

ಮರುದಿನ ಎಡಗಾಲಿನ್ನ ಕಳಸಲಿಲ್ಲ, ನಾವು ಹತ್ತು ಮಂದಿನ ಇಟಗೊಂಡು ಶಿಗ್ಗಾಂವಿಗೆ ಹೋದ್ವಿ, ಸೋತು ಬಂದ್ವಿ. ಅದರಾಗ ನಗೋದು ಏನಿಲ್ಲ.

ನಗೋದು ಹಿಂದಿನ ದಿನದ್ದು. ಹುಡುಗಿ ನಡದು ಮುಗಿಸಿದ ಮ್ಯಾಲ ಗಂಡಿನ ತಾಯಿ ಬಗ್ಗಿ ಆಕಿ ಕಾಲು ಹಿಚುಕಿ ನೋಡಿದ್ಳು. "ಏ, ಭಾಳ ಗಟ್ಟಿ ಅದಾವಲ್ರಿ! ಏನ ಮಾಡಿಸೀರಿ?"

ಅವ್ವ ಹೆಮ್ಮೆಯಿಂದ ನನ್ನ ಕಡೆ ಕೈ ಮಾಡಿದ್ಳು. "ನಮ್ಮ ಅಕ್ಕಾರ ದಿನಾ ಓಡಿಸಿ ಗಟ್ಟಿ ಮಾಡ್ಯಾರ್ರಿ."

ಗಂಡಿನ ತಾಯಿ ಎರಡೂ ಕೈ ಜೋಡಿಸಿ ನನಗ ನಮಸ್ಕಾರ ಮಾಡಿದ್ಳು. "ಪುಣ್ಯಾ ಬರಲಿ ನಿಮಗ ಅಕ್ಕಾರ. ನಮ್ಮ ಬಾವಿ ಊರಿಂದ ಭಾಳ ದೂರ ಐತಿ."