ಅತ್ತೆಗಾಗಿ ಕೊಯ್ಸಿದ ಕಮಾನು

ಮನೆಯ ಮುಂದೆ ಸ್ವಂತ ಜೀಪು ನಿಂತಿರುವಾಗ ಮನೆಮಂದಿ ಬಸ್ಸಿಗೆ ಕಾಯುತ್ತ ಬಿಸಿಲಲ್ಲಿ ನಿಲ್ಲುವ ಸೊಬಗನ್ನು ನೋಡಬೇಕಾದರೆ ನೀವು ನಮ್ಮ ತಳಕಲ್ಲಿಗೆ ಬರಬೇಕು. ಜೀಪು ನನ್ನದು. ಬಿಸಿಲಲ್ಲಿ ನಿಂತವರೂ ನನ್ನವರೇ. "ಹೆಣ್ಣಮಕ್ಕಳಿಗೆ ಬಸ್ ಬಿಟ್ಟಿ ಐತಲ್ರೀ, ಸುಮ್ಮನ ಎಣ್ಣಿ ಯಾಕ ಸುಡಬೇಕು?" ಎನ್ನುತ್ತಾಳೆ ನನ್ನ ಹೆಂಡತಿ ಅನ್ನಪೂರ್ಣ. ಸೀರೆ ಅಂಗಡಿಯಲ್ಲಿ ಎಂದೂ ತಲೆ ಹಾಕದ ಈ ಉಳಿತಾಯ ಬುದ್ಧಿ ನನ್ನ ಜೀಪಿನ ಬಾಗಿಲ ಹತ್ತಿರ ಮಾತ್ರ ಜಾಗೃತವಾಗುವುದೇಕೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ.

ನಾನು ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ, ಹೆಸರು ತಿರುಪತಿ. ನಮ್ಮ ಹೊಲ ಎರೆಭೂಮಿ. ನಾಲ್ಕು ಹನಿ ಬಿದ್ದರೆ ಸಾಕು, ಆ ಮಣ್ಣು ಚಪ್ಪಲಿ ಬಿಡುವುದಿಲ್ಲ, ಚಕ್ರ ಬಿಡುವುದಿಲ್ಲ. ಅದಕ್ಕೆಂದೇ ನಾಲ್ಕೂ ಚಕ್ರ ಎಳೆಯುವ, ಕೆಸರಿಗೆ, ಕಲ್ಲಿಗೆ ಅಂಜದ ಈ ಜೀಪನ್ನು ತಂದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಸೀಟಿನ ಬೆನ್ನಿಗೆ ಎದ್ದು ನಿಂತ ದಪ್ಪ ಕಬ್ಬಿಣದ ಕಮಾನು. ಕಂಪನಿಯವರೇ ಹಾಕಿ ಕಳಿಸಿದ್ದು. ರೋಲ್ ಬಾರ್ ಎನ್ನುತ್ತಾರೆ. ಗಾಡಿ ಪಲ್ಟಿಯಾದರೆ ಅದು ಭಾರವನ್ನೆಲ್ಲ ತಾನು ಹೊತ್ತು ಒಳಗಿದ್ದವರ ತಲೆ ಉಳಿಸುತ್ತದೆ. ತನಗಾಗಿ ಏನನ್ನೂ ಕೇಳದೆ ಸುಮ್ಮನೆ ಬೆನ್ನ ಹಿಂದೆ ನಿಂತಿರುವ ಇಂಥದೊಂದು ವಸ್ತು ಸಂಸಾರದಲ್ಲಿ ಎಲ್ಲಿ ಸಿಗುತ್ತದೆ ಹೇಳಿ! (ಈ ಮಾತನ್ನು ಅನ್ನಪೂರ್ಣಳ ಎದುರು ಒಮ್ಮೆ ಆಡಿ, ಆ ದಿನ ಬರೀ ರೊಟ್ಟಿ ತಿಂದಿದ್ದೇನೆ.)

ಈಗ ಸಣ್ಣವ್ವನ ವಿಷಯ. ಸಣ್ಣವ್ವ ನನಗೆ ಎರಡು ಕಡೆಯಿಂದ ಅತ್ತೆ. ನನ್ನ ಅಪ್ಪನ ತಂಗಿ, ಅನ್ನಪೂರ್ಣಳ ತಾಯಿ. ಮಾವ ತೀರಿಕೊಂಡ ಮೇಲೆ ತವರಿಗೇ ಬಂದು ನಮ್ಮ ಜೊತೆ ಇದ್ದಾಳೆ. ಸಣ್ಣವನಿದ್ದಾಗ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಇದೇ ಎರೆಹೊಲಕ್ಕೆ ಹೋಗುತ್ತಿದ್ದವಳು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದೆಂದರೆ ಅವಳಿಗೆ ಪ್ರಾಣ. ನಿಮಗೆ ಗೊತ್ತಿರಬಹುದು: ಆ ದಿನ ಬೆಳೆದು ನಿಂತ ಬೆಳೆಗೆ ಬಸುರಿಗೆ ಬಡಿಸಿದ ಹಾಗೆ ಬಡಿಸಬೇಕು. ಕಡುಬು, ಸಜ್ಜಿರೊಟ್ಟಿ, ಪಲ್ಲೆ ಎಲ್ಲ ಹೊತ್ತು ಹೋಗಿ, ಮೊದಲು ಭೂಮಿತಾಯಿಗೆ ನಾಲ್ಕೂ ದಿಕ್ಕಿಗೆ ಚೆಲ್ಲಿ, ಆಮೇಲೆ ಮನುಷ್ಯರು ಉಣ್ಣಬೇಕು. ಆದರೆ ಅತ್ತೆಯ ಮೊಣಕಾಲು ಹೋಗಿವೆ. ನಡೆಯಲಾರಳು. ಬಂಡಿ ಹತ್ತಿದರೆ ಆ ಜಗ್ಗಾಟಕ್ಕೆ ಸೊಂಟ ಹಿಡಿಯುತ್ತದೆ. ಹೋದ ವರ್ಷ ಎಲ್ಲರೂ ಹೊಲಕ್ಕೆ ಹೋದಾಗ ಅವಳೊಬ್ಬಳೇ ಕಟ್ಟೆಯ ಮೇಲೆ ಕುಳಿತು ದಾರಿ ನೋಡುತ್ತಿದ್ದಳು. ಈ ವರ್ಷ ಅತ್ತೆಗೆ ಹೊಲ ತೋರಿಸಿಯೇ ಬಿಡುವುದು, ಅದೂ ನನ್ನ ಜೀಪಿನಲ್ಲಿ, ಎಂದು ನಿರ್ಧಾರ ಮಾಡಿದೆ.

ಜೀಪಿನಲ್ಲಿ ಅವಳು ಹಿಂದೆ ಒಮ್ಮೆ ಕುಳಿತಿದ್ದಳು. ಹುಲಿಗಿಗೆ, ಹುಲಿಗೆಮ್ಮನ ದರ್ಶನಕ್ಕೆಂದು ಹಿಟ್ನಾಳದ ಮೇಲೆ ಹಾಯ್ದು ಹೋಗುವಾಗ ದಾರಿಯುದ್ದಕ್ಕೂ ಅವಳಿಗೆ ರೋಲ್ ಬಾರಿನ ಮಹಿಮೆಯನ್ನು ಬಿಡಿಸಿ ಹೇಳಿದ್ದೆ. ಬಿಡಿಸಿ ಹೇಳುವುದು ನನ್ನ ಹುಟ್ಟುಗುಣ.

"ಅಂದ್ರ ಇದು ಪಲ್ಟಿ ಆಗತೈತೇನಪಾ?" ಎಂದಳು ಅತ್ತೆ.

"ಆಗೂದಿಲ್ಲಬೇ. ಆದ್ರ ಇರಲಿ ಅಂತ ಹಾಕ್ಯಾರ."

"ಆಗೂದಿಲ್ಲ ಅಂದ್ರ ಯಾಕ ಹಾಕ್ಯಾರ?"

ಇದಕ್ಕೆ ಉತ್ತರವಾಗಿ ವೇಗ, ಭಾರ, ತಿರುವು ಎಲ್ಲವನ್ನೂ ಕೈ ಮಾಡಿ ತೋರಿಸುತ್ತ ಹುಲಿಗಿ ಬರುವ ತನಕ ಪಾಠ ಮಾಡಿದೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇಷ್ಟು ಏಕಾಗ್ರತೆಯ ವಿದ್ಯಾರ್ಥಿ ನನಗೆ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ವಾಪಸು ಬರುವಾಗ ಮಾತ್ರ, ಪರಿಚಯದ ಹೆಣ್ಣುಮಕ್ಕಳು ಸಿಕ್ಕರೆಂದು, ಅವರ ಜೊತೆ ಬಸ್ಸಿನಲ್ಲಿ ಬಂದುಬಿಟ್ಟಳು.

ಅಮಾವಾಸ್ಯೆ ಹತ್ತಿರ ಬಂದಾಗ ನನ್ನ ಸಂಕಲ್ಪವನ್ನು ಅವಳ ಮುಂದಿಟ್ಟೆ. ಅವಳ ಕಣ್ಣು ಒಂದು ಸಲ ಅರಳಿತು. ಆಮೇಲೆ ಬಾಗಿಲಾಚೆ ನಿಂತ ಜೀಪಿನ ಕಡೆ ಹೊರಳಿ, ಸಣ್ಣಗಾಯಿತು.

"ಬ್ಯಾಡ ತಿರುಪತಿ. ಆ ಕಬ್ಬಿಣ ನೋಡಿದ್ರ ನನ್ನ ಎದಿ ಧಸಕ್ ಅಂತೈತಿ. ತಲಿ ಹಿಂದ ಯಮ ನಿಂತಂಗ ಆಗತೈತಿ. ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ."

ಇಷ್ಟೇ ತಾನೆ! ಅತ್ತೆಗೂ ಹೊಲಕ್ಕೂ ನಡುವೆ ನಿಂತಿದ್ದು ಒಂದು ಕಬ್ಬಿಣದ ತುಂಡು. ಆ ರಾತ್ರಿಯೇ ನನಗೆ ಉಪಾಯ ಹೊಳೆಯಿತು. ಯಮನನ್ನು ತೆಗೆಸಿ ಆ ಜಾಗದಲ್ಲಿ ಸವಾರಿ ಬಂಡಿಯ ಕಮಾನು ಕೂಡಿಸಿದರೆ? ಹಳೆಯ ಕಾಲದ ಮದುವಣಗಿತ್ತಿಯರ ಬಂಡಿಗೆ ಇರುತ್ತಿತ್ತಲ್ಲ, ಅಂಥ ಗುಂಡನೆಯ ಕಮಾನು, ಮೇಲೆ ಬಟ್ಟೆ. ಅತ್ತೆ ಮದುವೆಯಾಗಿ ಹೋಗಿದ್ದೂ ಅಂಥದೇ ಬಂಡಿಯಲ್ಲಿ.

ಕೊಪ್ಪಳದಲ್ಲಿ ಯಮನೂರ ಎಂಬ ವೆಲ್ಡಿಂಗ್ ಪ್ರವೀಣನಿದ್ದಾನೆ. ಮನೆಯ ಗೇಟು ಮಾಡುವುದರಲ್ಲಿ ಹೆಸರಾದವನು. ಅವನ ಕೈಯಲ್ಲಿ ಕುರ್ಚಿ ಮಾಡಿಸಿದರೂ ಅದು ಗೇಟಿನ ಹಾಗೆ ಕಾಣುತ್ತದೆ. ನನ್ನ ರೋಲ್ ಬಾರನ್ನು ಸುತ್ತಲೂ ತಿರುಗಿ ನೋಡಿ ಮುಖ ಕಿವುಚಿದ.

"ಏನ್ ಮಾಡ್ಯಾರ ಸರ ಕಂಪನಿಯವರು ಇದನ್ನ? ಒಂದು ಡಿಜೈನ್ ಇಲ್ಲ, ಒಂದು ಹೂ ಇಲ್ಲ. ಕೊಯ್ದು ಒಗದುಬಿಡ್ಲಿ?"

"ಹೊಸಾದು ಗಟ್ಟಿ ಇರತೈತೇನು?"

"ಗೇಟ್ ಬೀಳೂದು ಎಲ್ಲೆರ ನೋಡೀರೇನ್ರಿ? ಮದುಮಗಳು ಬಂದು ಕುಂಡ್ರಬೇಕು, ಹಂಗ ಮಾಡ್ತೀನಿ. ಎರಡು ನವಿಲು ಕೂಡಸಲೇನ್ರಿ?"

"ನವಿಲು ಬ್ಯಾಡಪಾ."

ಕಟರ್ ಹೊತ್ತಿಕೊಂಡಿತು. ಕಿಡಿ ಹಾರುವಾಗ ನನ್ನೊಳಗಿನ ವಿಜ್ಞಾನದ ಮಾಸ್ತರ ಒಂದು ಸಲ ಎದ್ದು ನಿಂತು "ಇದು ತಪ್ಪು" ಎಂದ. "ಹೊಲದ ದಾರಿ ಎಷ್ಟು ಮಹಾ, ಕುಂಡ್ರು" ಎಂದು ಅವನನ್ನು ನನ್ನೊಳಗಿನ ಅಳಿಯ ಕೂಡಿಸಿದ. ನಾವು ಪ್ರೀತಿಯಿಂದ ಮಾಡುವ ತಪ್ಪುಗಳಿಗೆ ಒಳಗಿನ ಮಾಸ್ತರನ ಮಾತು ಕೇಳಿಸುವುದೇ ಇಲ್ಲ. ದಪ್ಪ ಕಬ್ಬಿಣ ಹೋಗಿ ತೆಳ್ಳನೆ ಪೈಪಿನ ಕಮಾನು ಬಂತು. ಕೆಂಪು ಬಟ್ಟೆ ಬಂತು. ನವಿಲೂ ಬಂದವು, ಎರಡಲ್ಲ, ನಾಲ್ಕು. ಬೇಡವೆಂದಿದ್ದನ್ನು ಸಂಕೋಚವೆಂದು ತಿಳಿದನಂತೆ.

ಮನೆಗೆ ತಂದು ನಿಲ್ಲಿಸಿದಾಗ ಅನ್ನಪೂರ್ಣ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದಳು.

"ಏನ್ರೀ ಇದು?"

"ಸವಾರಿ ಕಮಾನು. ನಿಮ್ಮವ್ವಗ ಅಂಜಿಕಿ ಆಗಬಾರದು ಅಂತ."

"ಮೊದಲಿನ ಕಬ್ಬಿಣ ಎಲ್ಲಿ?"

"ಕೊಯ್ಸಿದೆ."

"ಹಂಗಾದ್ರ ಪಲ್ಟಿ ಆದ್ರ ತಲಿ ಉಳಸೂದು ಯಾವುದು?"

"ಪಲ್ಟಿ ಆಗೂದಿಲ್ಲ."

"ಆಗೂದಿಲ್ಲ ಅಂದ್ರ ಕಂಪನಿಯವರಿಗೆ ಹುಚ್ಚೇನು? ಅದು ಇರತೈತಿ, ತಲಿ ಉಳಸತೈತಿ ಅಂತ ನನಗ ಪಾಠ ಹೇಳಿದವರು ಯಾರು? ಕಿನ್ನಾಳದ ಗೊಂಬಿ ತಂದು ಕೂಡಸ್ರಿ ಇದರಾಗ, ಭಾಳ ಚಂದ ಕಾಣತೈತಿ. ನಮ್ಮವ್ವನ್ನ ಕೂಡಸಂಗಿಲ್ಲ."

ಪರಿಸ್ಥಿತಿಯನ್ನು ಗಮನಿಸಿ. ಕಬ್ಬಿಣ ಇದ್ದರೆ ತಾಯಿ ಹತ್ತುವುದಿಲ್ಲ, ಇಲ್ಲದಿದ್ದರೆ ಮಗಳು ಹತ್ತಿಸುವುದಿಲ್ಲ. ಸಣ್ಣವ್ವ ಹೊರಗೆ ಬಂದು ನವಿಲಿನ ಬೆನ್ನು ಸವರಿ, "ಚಂದ ಮಾಡ್ಸೀಯಪಾ. ಆದ್ರ ಮಗಳು ಬ್ಯಾಡ ಅಂದ ಮ್ಯಾಲೆ ಮುಗೀತು" ಎಂದು ಉಸಿರು ಬಿಟ್ಟಳು. ಪಾಪ, ನಿರಾಶೆಯ ಉಸಿರು ಎಂದುಕೊಂಡೆ.

ಕೊನೆಗೆ ಅನ್ನಪೂರ್ಣಳೇ ಪಕ್ಕದ ಮನೆಯ ಅಂದಪ್ಪನ ಬಂಡಿ ಗೊತ್ತುಮಾಡಿದಳು. ತಳಕ್ಕೆ ಮೇವು, ಮೇಲೆ ಕೌದಿಯ ಮೇಲೆ ಕೌದಿ. ಸೊಂಟ ನೊಂದರೂ ಚಿಂತೆಯಿಲ್ಲ, ಈ ಸಲ ಹೋಗಿಯೇ ತೀರುವೆನೆಂದು ಅತ್ತೆಯೂ ಗಟ್ಟಿ ಮನಸ್ಸು ಮಾಡಿದಳು. ನನ್ನ ಮುಖ ನೋಡಲಾಗದೆಯೋ ಏನೋ, ಅಡುಗೆಯ ಬುಟ್ಟಿಗಳನ್ನು ಅನ್ನಪೂರ್ಣ ಜೀಪಿಗೆ ಬಿಟ್ಟಳು. "ಬುಟ್ಟಿ ನೀವು ತಗೊಂಡು ಬರ್ರಿ. ಬುಟ್ಟಿಗೇನು ಜೀವ ಇರತೈತಿ?" (ಗಾಡಿ ನಡೆಸುವವನಿಗೆ ಜೀವ ಇರುತ್ತದೆಂಬುದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.)

ಅಮಾವಾಸ್ಯೆಯ ಬೆಳಗ್ಗೆ ದಾರಿ ತುಂಬ ಬಂಡಿ, ಟ್ರ್ಯಾಕ್ಟರು, ಹೊಸ ಸೀರೆ. ಎರಡೂ ಕಡೆ ಬಿಳಿಜೋಳ ಎದೆಮಟ್ಟ ನಿಂತಿತ್ತು. ಮದುವಣಗಿತ್ತಿ ಇಲ್ಲದ ಸವಾರಿ ಜೀಪಿನಲ್ಲಿ ನಾನೊಬ್ಬನೇ, ಅಂದಪ್ಪನ ಬಂಡಿಯ ಪಕ್ಕಕ್ಕೆ ಎತ್ತಿನ ನಡಿಗೆಯಲ್ಲಿ ಹೋಗುತ್ತಿದ್ದೆ. ನಮ್ಮ ಹೊಲದ ಬದು ಬಂದಿತ್ತು. ಆಗ ಅಂದಪ್ಪ ಸುಮ್ಮನಿರಲಾರದೆ ಕೇಳಿದ.

"ಅಲ್ರಿ ಮಾಸ್ತರ್ರ, ಇಂಥಾ ದೊಡ್ಡ ಗಾಡಿ ಪಲ್ಟಿ ಹೆಂಗ ಆಗತೈತ್ರಿ?"

ಕೇಳಬಾರದ ಪ್ರಶ್ನೆಯನ್ನು ಕೇಳಬಾರದವನಿಗೆ ಕೇಳಿದ. "ಭಾರದ ಕೇಂದ್ರ ಅಂತ ಒಂದು ಇರತೈತಿ ಅಂದಪ್ಪ" ಎಂದು ಶುರುಮಾಡಿದೆ. ಬಲಗೈಯನ್ನು ಭೂಮಿ ಮಾಡಿದೆ. ಎಡಗೈಯನ್ನು ಜೀಪು ಮಾಡಿ ಅದರ ಮೇಲೆ ನಿಲ್ಲಿಸಿದೆ. "ಇದು ಹಿಂಗ ವಾಲತಾ ವಾಲತಾ..." ಎಂದು ಎಡಗೈ ಮಗುಚುವುದಕ್ಕೂ, ಹಿಡಿಯುವ ಕೈಗಳಿಲ್ಲದ ನಿಜವಾದ ಜೀಪು ಬದುವಿನ ಮೇಲೆ ಒಂದು ಚಕ್ರ ಹತ್ತಿಸಿ ವಾಲುವುದಕ್ಕೂ ಸರಿಹೋಯಿತು. ಅವಸರವಿಲ್ಲದೆ, ಕೆಸರಿಗೆ ಬಿದ್ದುಕೊಳ್ಳುವ ಎಮ್ಮೆಯ ಹಾಗೆ, ಅದು ಜೋಳದ ಮೇಲೆ ಮಲಗಿತು. ಬುಟ್ಟಿಗಳು ಹಾರಿದವು. ಕಡುಬು, ರೊಟ್ಟಿ, ಎಣಗಾಯಿ, ಮೊಸರನ್ನ ನಾಲ್ಕೂ ದಿಕ್ಕಿಗೆ ಚೆಲ್ಲಿ ಹೋದವು.

ಬೆಲ್ಟಿಗೆ ಜೋತುಬಿದ್ದ ನನಗೆ ಏನೂ ಆಗಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ಯಮನೂರನ ಕಮಾನು ಹಪ್ಪಳದಂತೆ ಮುರಿದಿತ್ತು. ಅತ್ತೆ ಕುಳಿತಿದ್ದರೆ ಅವಳ ತಲೆ ಇರಬೇಕಾದ ಜಾಗದಲ್ಲಿ ನವಿಲಿನ ಕತ್ತು ಹೊಕ್ಕಿತ್ತು. ಅಲ್ಲಿಯೇ, ತಲೆ ಓರೆಯಾಗಿ ಜೋತಾಡುತ್ತ, ನಾನು ಅತ್ತುಬಿಟ್ಟೆ.

ಅನ್ನಪೂರ್ಣ ಓಡಿ ಬಂದು ಹೊರಗೆಳೆದಳು. ತಲೆ ಮುಟ್ಟಿದಳು, ಕೈ ಮುಟ್ಟಿದಳು, ಕಾಲು ಆಡಿಸಿ ನೋಡಿದಳು. ಎಲ್ಲವೂ ಇರಬೇಕಾದಲ್ಲಿ ಇವೆ ಎಂದು ಖಾತ್ರಿಯಾದ ಮೇಲೆ ಅಳುತ್ತಲೇ ಬಯ್ಯತೊಡಗಿದಳು. ಅಷ್ಟರಲ್ಲಿ ಸಣ್ಣವ್ವ ಅಂದಪ್ಪನ ಹೆಗಲು ಹಿಡಿದು ಬಂಡಿ ಇಳಿದು, ತನ್ನ ಅಪ್ಪನ ಹೊಲದ ಮಣ್ಣಿನಲ್ಲಿ ನಿಂತಿದ್ದಳು. ಬಿದ್ದ ಕಡುಬೊಂದನ್ನು ಎತ್ತಿ, ಮುರಿದು, ಶಾಸ್ತ್ರಕ್ಕೆಂದು ತಾನೂ ಒಂದೊಂದು ಚೂರು ಎಸೆದು ಕೈ ಮುಗಿದಳು.

"ಈ ವರ್ಷ ಭೂಮಿತಾಯಿ ತಾನಾ ಎದ್ದು ಬಡಿಸಿಕೊಂಡಾಳ ತಗೋ. ಬುಟ್ಟಿ ಸಮೇತ."

ಅಕ್ಕಪಕ್ಕದ ಹೊಲದವರು ಓಡಿಬಂದು ತಮ್ಮ ಬುತ್ತಿ ಬಿಚ್ಚಿದರು. ಬೇವಿನ ಗಿಡದ ಕೆಳಗೆ ಊರವರ ಊಟ ಉಣ್ಣುತ್ತ ಅತ್ತೆಯ ಮುಂದೆ ತಪ್ಪೊಪ್ಪಿಕೊಂಡೆ.

"ಅತ್ತಿ, ನೀ ಅಂಜತಿ ಅಂತ ಆ ಕಬ್ಬಿಣ ಕೊಯ್ಸಿದೆ. ನೀ ಏನರ ಅದರಾಗ ಕುಂತಿದ್ದರ..."

ಸಣ್ಣವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ನಾ ಕಬ್ಬಿಣಕ್ಕ ಎಲ್ಲಿ ಅಂಜಿದ್ನೆಪಾ?"

"ಮತ್ತ?"

"ನೀ ಎರಡೂ ಕೈ ಬಿಟ್ಟು ಪಾಠ ಹೇಳ್ತಿ. ಅವತ್ತು ದಾರಿಯಾಗ ಹುಲಿಗೆಮ್ಮನ್ನ ನೆನಸಿದಷ್ಟು ಗುಡಿಯಾಗೂ ನೆನಸಿಲ್ಲ ನಾ."

"ಹಂಗಂತ ಅವತ್ತಾ ಹೇಳಬೇಕಿಲ್ಲೇನಬೇ?"

"ಹೆಂಗ ಹೇಳಲಿ? ಬರೇ ಅಣ್ಣನ ಮಗ ಆಗಿದ್ದರ ಕಿವಿ ಹಿಂಡಿ ಹೇಳತಿದ್ದೆ. ಅಳಿಯ ಆಗಿ ಕುಂತಿ. ಅಳಿಯಗ 'ನಿನಗ ಗಾಡಿ ಹೊಡಿಯಾಕ ಬರಂಗಿಲ್ಲ' ಅಂತ ಯಾವ ಅತ್ತಿ ಅಂತಾಳ? ಅದಕ್ಕ ಕಬ್ಬಿಣದ ಮ್ಯಾಲೆ ಹಾಕಿದೆ. ಕಬ್ಬಿಣಕ್ಕೇನು ಸಿಟ್ಟು ಬರತೈತೇನು? ನೀ ಹೋಗಿ ಅದನ್ನ ಕೊಯ್ಸಿಕೊಂಡು ಬರ್ತಿ ಅಂತ ನನಗೇನು ಗೊತ್ತು!"

ನಾನು ಅನ್ನಪೂರ್ಣಳ ಕಡೆ ತಿರುಗಿದೆ. "ನನ್ನ ಮಾರಿ ಯಾಕ ನೋಡ್ತೀರಿ? ಬಸ್ಸಿನ ಡ್ರೈವರ್ ಕೈ ಬಿಡೂದಿಲ್ಲ" ಎಂದಳು.

ಮರ್ಯಾದೆಗಾಗಿ ಮನೆಗಳಲ್ಲಿ ಎಷ್ಟೋ ಮಾತುಗಳನ್ನು ನುಂಗುತ್ತೇವೆ. ನುಂಗಿದ ಮಾತು ಸುಮ್ಮನೆ ಇರುತ್ತದೆಂದು ತಿಳಿದಿದ್ದೆ. ನಮ್ಮ ಮನೆಯಲ್ಲಿ ಅದು ಕೊಪ್ಪಳಕ್ಕೆ ಹೋಗಿ, ಕಟರ್ ಹಿಡಿದು, ನಮ್ಮನ್ನು ಕಾಯುತ್ತಿದ್ದ ಒಂದೇ ಒಂದು ಗಟ್ಟಿ ವಸ್ತುವನ್ನು ಕೊಯ್ದಿತ್ತು.

ಸಂಜೆ ಹತ್ತು ಮಂದಿ ಸೇರಿ ಜೀಪನ್ನು ಎತ್ತಿ ನಿಲ್ಲಿಸಿ, ಮುರಿದ ನವಿಲುಗಳನ್ನು ಕಿತ್ತು ಹಾಕಿದರು. ಅದು ನಾಚಿಕೆಯಿಲ್ಲದೆ ಮೊದಲ ಸಲಕ್ಕೇ ಚಾಲೂ ಆಯಿತು. ಬಂಡಿಯಲ್ಲಿ ಸೊಂಟ ಹಿಡಿದಿದ್ದ ಸಣ್ಣವ್ವ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಳು.

"ಅಂದಪ್ಪ, ನಿನಗ ಟ್ರ್ಯಾಕ್ಟರ್ ಹೊಡಿಯಾಕ ಬರತೈತಲ್ಲ? ಸಾವಕಾಶ ಇದನ್ನ ಹೊಡಿ."

"ಮತ್ತ ನನ್ನ ಬಂಡಿ ಯವ್ವಾ?"

"ಬಂಡಿ ನಮ್ಮ ಅಳಿಯ ತರ್ತಾನ. ಎತ್ತಿಗೆ ದಾರಿ ಗೊತ್ತೈತಿ."

"ಕಂಪನಿ ಕಬ್ಬಿಣಕ್ಕ ನಾಳೆನ ಹೇಳ್ರಿ" ಎಂದಳು ಅನ್ನಪೂರ್ಣ ಹತ್ತುತ್ತ. "ಮುಂದ ನೀವಾ ಹೊಡಿಯೂದಿದ್ದರ ಎರಡು ತರಸ್ರಿ."

ನಾನು ಬಂಡಿಯಲ್ಲಿ ಕೌದಿಯ ಮೇಲೆ ಕುಳಿತು ಎರಡೂ ಕೈಯಲ್ಲಿ ಗೂಟ ಹಿಡಿದುಕೊಂಡೆ. ಎತ್ತುಗಳು ನನ್ನ ಕಡೆ ಒಮ್ಮೆಯೂ ತಿರುಗಿ ನೋಡದೆ ಊರಿನ ದಾರಿ ಹಿಡಿದವು. ಸ್ವಲ್ಪ ದೂರದಲ್ಲಿ ನನ್ನದೇ ಜೀಪು, ನನ್ನದೇ ಮನೆಮಂದಿಯನ್ನು ಹೊತ್ತು, ನೆಟ್ಟಗೆ, ಗಂಭೀರವಾಗಿ ನನ್ನನ್ನು ದಾಟಿ ಹೋಯಿತು. ಸಣ್ಣವ್ವ ಹೊರಗೆ ಕತ್ತು ಚಾಚಿ ಕೂಗಿದಳು:

"ತಿರುಪತೀ, ಎತ್ತಿಗೆ ಪಾಠ ಹೇಳಬ್ಯಾಡಪಾ!"

ನಾನು ಆಗಲೇ ಶುರುಮಾಡಿದ್ದೆ.