ಅಡ್ಡ ಬಿದ್ದ ಗ್ರಹವೂ ನಮ್ಮ ನಾಲ್ಕು ಊರುಗಳೂ

ಯುರೇನಸ್, ನೆಪ್ಚೂನ್ ಎಂಬ ಎರಡು ಗ್ರಹಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಹಾವೇರಿ ಜಿಲ್ಲೆ ತಿರುಗುವವಳು ನಾನು. ನಗದೆ ಮನೆಗೆ ಮರಳಿದ ದಿನ ಕಡಿಮೆ.

ನನ್ನ ಕೆಲಸ ಇಷ್ಟೇ. ಶಾಲೆ, ಸಂತೆ, ಸಮುದಾಯ ಭವನ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಗಾಳಿ ತುಂಬಿದ ಕಪ್ಪು ಗುಡಾರವೊಂದನ್ನು ನಿಲ್ಲಿಸುತ್ತೇವೆ. ಒಳಗೆ ಕುಳಿತು ತಲೆಯೆತ್ತಿದರೆ ನೆತ್ತಿಯ ತುಂಬ ಆಕಾಶ. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ ನಿಂತ ದೂರದರ್ಶಕವೊಂದು ಹಿಡಿದು ಕಳಿಸಿದ ಚಿತ್ರಗಳನ್ನು ಅಲ್ಲಿ ತೋರಿಸುತ್ತೇನೆ. ಸೂರ್ಯನ ಬಿಸಿಲು ಹೆಸರಿಗಷ್ಟೇ ತಲುಪುವ ಆ ತುದಿಯ ಎರಡು ಹಿಮದೈತ್ಯ ಗ್ರಹಗಳು ಕತ್ತಲೆಯಿಂದ ಮೆಲ್ಲಗೆ ಮೂಡಿ ಬರುವಾಗ, ದಿನಾ ನೋಡುವ ನನಗೂ ಮೈ ಜುಮ್ಮೆನ್ನುತ್ತದೆ. ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಉಸಿರು ಬಿಟ್ಟು ಒಂದು ಮಾತು ಆಡುತ್ತಾರೆ ನೋಡಿ, ಅದನ್ನು ಕೇಳಲಿಕ್ಕೇ ನಾನು ಈ ಕೆಲಸದಲ್ಲಿ ಉಳಿದಿದ್ದೇನೆ.

ಸವಣೂರಿನ ಸೊಂಟನೋವು

ಸವಣೂರಿನ ಸಂತೆಯ ದಿನ ವೀಳ್ಯದೆಲೆ ಮಾರುವ ಹೆಣ್ಣುಮಗಳೊಬ್ಬಳು ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿಟ್ಟು, ಗಂಡನನ್ನೂ ಎಳೆದುಕೊಂಡು ಒಳಗೆ ಬಂದಳು. ಪರದೆಯ ಮೇಲೆ ಯುರೇನಸ್ ಬಂತು. ತಿಳಿನೀಲಿ ಗುಂಡು, ಸುತ್ತಲೂ ಬೆಳ್ಳಿ ಎಳೆಯಂಥ ಬಳೆಗಳು, ಅವೂ ನೆಟ್ಟಗೆ ನಿಂತಿವೆ.

"ಉಳಿದ ಗ್ರಹ ಬುಗುರಿ ಹಾಂಗ ತಿರುಗತಾವ. ಇದು ಮಾತ್ರ ಅಡ್ಡ ಬಿದ್ದೈತಿ," ಎಂದೆ.

"ಯಾರ ದೂಡಿದ್ರರೀ ಅದನ್ನ?" ಎಂದಳು ಆಕೆ.

"ಭಾಳ ಹಿಂದ ಭೂಮಿಗಿಂತ ದೊಡ್ಡದೊಂದು ಬಂದು ಡಿಕ್ಕಿ ಹೊಡದಿರಬೇಕಂತ."

ಆಕೆ ಕತ್ತು ಓರೆ ಮಾಡಿ ನೋಡಿದಳು. "ಅಷ್ಟು ಜೋರು ಪೆಟ್ಟು ಬಿದ್ದರೂ ತಿರುಗೂದು ಬಿಟ್ಟಿಲ್ಲ?"

"ಬಿಟ್ಟಿಲ್ಲ."

ಕತ್ತಲಲ್ಲಿ ಗಂಡನಿಗೊಂದು ತಿವಿತ ಬಿದ್ದ ಸದ್ದು ಕೇಳಿಸಿತು. "ಕೇಳಿದ್ರಿಲ್ಲೋ? ಸೊಂಟ ಹಿಡದೈತಿ ಅಂತ ಸೋಮವಾರದಿಂದ ಅಡ್ಡ ಆಗೀರಿ. ಅದನ್ನ ನೋಡ್ರಿ, ಅಡ್ಡ ಬಿದ್ದಕೊಂಡ ದುಡಿಯಾಕತ್ತೈತಿ!"

ಹಾನಗಲ್ಲಿನ ವಾಸನೆ

ಹಾನಗಲ್ಲಿನ ಕಡೆಯ ಒಂದು ಶಾಲೆ. ಗುಡಾರದೊಳಗೆ ಆರನೇ ತರಗತಿಯ ಹುಡುಗಿಯರು. ಯುರೇನಸ್ಸಿನ ಮೋಡಗಳ ಮಾತು ಬಂತು. ಅಷ್ಟು ಚೆಂದದ ಗ್ರಹದ ಮೋಡದಲ್ಲಿ ಇರುವುದು ಕೊಳೆತ ತತ್ತಿಯ ವಾಸನೆ ಕೊಡುವ ಅನಿಲ ಎಂದು ಹೇಳಿದ್ದೇ ತಡ, ಹುಡುಗಿಯರೆಲ್ಲ ಮೂಗು ಮುಚ್ಚಿ, "ಅಯ್ಯ, ಕೊಳತ ತತ್ತಿ! ಕೊಳತ ತತ್ತಿ!" ಎಂದು ಕೂಗಿದರು.

ಅಷ್ಟರಲ್ಲಿ ಗುಡಾರದ ಬಾಗಿಲು ಸರಿದು ಹೆಡ್‌ಮಾಸ್ತರರ ತಲೆ ಒಳಗೆ ಬಂತು. ಹಿಂದೆಯೇ ಬಿಸಿಯೂಟದ ಅಡುಗೆಯಾಕೆ, ಕೈಯಲ್ಲಿ ಸೌಟು.

"ಯಾರ ಅಂದಾರ ಹಂಗ? ಇವತ್ತಿನ ಊಟದ ತತ್ತಿ ಎಲ್ಲಾ ತಾಜಾ ಅದಾವ್ರಿ ಮೇಡಮ್ಮಾರ. ನಾನ ಒಂದ ತಿಂದ ನೋಡೇನಿ!" ಎಂದರು ಮಾಸ್ತರು.

"ಇಲ್ಲೀದಲ್ರಿ ಸರ, ಯುರೇನಸ್ಸಿನದು," ಎಂದೆ.

ಅವರು ಹಣೆ ಒರೆಸಿಕೊಂಡು ನಿಟ್ಟುಸಿರು ಬಿಟ್ಟರು. "ಹಾಂಗ ಅನ್ರಿ. ಅದು ನಮ್ಮ ತಾಲೂಕಿಗೆ ಬರಂಗಿಲ್ಲ."

ಶಿಗ್ಗಾಂವಿಯ ಫೋಟೋಗ್ರಾಫರ್

ಶಿಗ್ಗಾಂವಿಯಲ್ಲಿ ಕಲ್ಯಾಣ ಮಂಟಪದ ಪಕ್ಕದ ಬಯಲು ಸಿಕ್ಕಿತ್ತು. ಒಳಗೆ ಮದುವೆ. ಅಕ್ಷತೆ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ, ಕೊರಳಲ್ಲಿ ಎರಡು ಕ್ಯಾಮೆರಾ ತೂಗಿಸಿಕೊಂಡ ಫೋಟೋಗ್ರಾಫರ್ ಗುಡಾರಕ್ಕೆ ನುಸುಳಿ ಬಂದ. ಬೆವರಿ ತೊಯ್ದುಹೋಗಿದ್ದ.

ನೆಪ್ಚೂನ್ ಮೂಡಿತು. ಕತ್ತಲಲ್ಲಿ ಗಾಜಿನ ಗೋಲಿಯ ಹಾಗೆ, ಒಳಗೇ ದೀಪ ಹಚ್ಚಿಟ್ಟ ಹಾಗೆ. ತೆಳ್ಳನೆಯ ಧೂಳಿನ ಬಳೆಗಳು ಕೂಡ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ನಾಲ್ಕು ತಾಸು ಬೇಕು ಎಂದೆ. ಆತ ಕ್ಯಾಮೆರಾದ ಮೇಲಿನ ಕೈ ತೆಗೆದು ಎದೆಯ ಮೇಲಿಟ್ಟುಕೊಂಡ.

"ಏನ್ ಕ್ಲಿಯರ್ ಬಂದೈತ್ರಿ ಅಕ್ಕಾರ," ಎಂದ. "ಅಷ್ಟು ದೂರಿಂದ, ಒಂಚೂರೂ ಅಲುಗಾಡಿಲ್ಲ. ಈ ಮದುವಿ ಬೀಗರನ್ನ ಎದುರಿಗೇ ನಿಂದ್ರಿಸಿದ್ರೂ ನಾಕ ಸೆಕೆಂಡ್ ನೆಟ್ಟಗ ನಿಂದ್ರವಲ್ರು!"

ಹಂಸಭಾವಿಯ ಕೂಸು

ಹಿರೇಕೆರೂರು ತಾಲೂಕಿನ ಹಂಸಭಾವಿಯಲ್ಲಿ ಒಬ್ಬ ಅಜ್ಜಿಯನ್ನು ಮೊಮ್ಮಕ್ಕಳಿಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ತಂದರು. ಹಿಂದೆ ಸೊಸೆ, ಅವಳ ಕೈಯಲ್ಲಿ ಹೊಚ್ಚಹೊಸ ವಾಕರ್. ಅಜ್ಜಿಯನ್ನು ಮುಂದೆ ಕೂರಿಸಿ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು:

"ಬಿದ್ದು ಸೊಂಟದ ಚಪ್ಪಿ ಎಲುಬು ಮುರದಿತ್ರಿ. ಆಪರೇಷನ್ ಆಗೈತಿ. ಇದನ್ನ ಹಿಡಕೊಂಡು ನಡೀಲಿಲ್ಲಂದ್ರ ಇನ್ನ ಏಳೂದ ಇಲ್ಲ ಅಂತ ಡಾಕ್ಟರ್ ಅಂದಾರ. ಕಬ್ಬಿಣದ ಕುದರಿ ಹಿಡಕೊಂಡು ಹ್ವಾದ್ರ ಓಣಿ ಮಂದಿ ನಗತಾರ ಅಂತ ಮುಟ್ಟಾಕ ಒಲ್ರು."

ಯುರೇನಸ್ ಬಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡು ಕೈ ಮುಗಿದಳು. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ನಮ್ಮ ಎಂಬತ್ತನಾಲ್ಕು ವರ್ಷ ಬೇಕು ಎಂದೆ.

"ಅತ್ತೀಗೂ ಪಂಚಮಿಗೆ ಎಂಬತ್ನಾಕು ತುಂಬಿದ್ವು!" ಎಂದಳು ಸೊಸೆ.

"ಹಂಗಾದ್ರ ಅಜ್ಜೀ, ಅಲ್ಲಿನ ಲೆಕ್ಕದಾಗ ನಿಮಗ ಈಗ ಒಂದ ವರ್ಷ," ಎಂದುಬಿಟ್ಟೆ. ಗುಡಾರವೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ.

"ನಾ ಹುಟ್ಟಿದಾಗ ಅದು ಎಲ್ಲಿತ್ತೋ, ತಿರುಗಿ ಅಲ್ಲಿಗೇ ಬಂದೈತೇನ ತಂಗಿ?"

"ಹೌದ್ರಿ ಅಜ್ಜೀ."

"ನಾ ಲಗ್ನ ಆಗಿದ್ದು, ಹಡದದ್ದು, ಮಣ್ಣ ಮಾಡಿದ್ದು, ಎಲ್ಲಾ ಅದರ ಒಂದ ಸುತ್ತಿನಾಗ?"

ನಗುತ್ತಿದ್ದವರೆಲ್ಲ ಅಜ್ಜಿಯ ಕಡೆ ತಿರುಗಿದರು. ಆ ನೀಲಿ ಬೆಳಕು ಅಜ್ಜಿಯ ಮುಖದ ಮೇಲೆ ಬಿದ್ದಿತ್ತು. ಆಕೆ ಅದನ್ನು, ಬಹಳ ದಿನಕ್ಕೆ ಕಂಡ ತವರಿನವರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ನನ್ನನ್ನು ಕರೆದಳು. "ವರ್ಷದ ಕೂಸಿಗೆ ಹಲ್ಲಿಲ್ಲಂದ್ರ ಯಾರರ ನಗತಾರೇನ?"

"ಇಲ್ರಿ."

"ಹಿಡಕೊಂಡು ಹೆಜ್ಜಿ ಇಟ್ಟರ?"

"ಯಾಕ ನಗತಾರ್ರಿ? ಖುಷಿ ಪಡತಾರ."

ಅಜ್ಜಿ ಸೊಸೆಯ ಕಡೆ ಕೈ ಚಾಚಿದಳು. "ತಾರವಾ ಆ ಕುದರೀನ."

ಎದ್ದು ನಿಂತಳು. ಕಾಲು ನಡುಗಿದವು. ಒಂದು ಹೆಜ್ಜೆ. ಮತ್ತೊಂದು. ಸೊಸೆ ಬಾಯಿಗೆ ಸೆರಗು ಒತ್ತಿ ಅಳತೊಡಗಿದಳು. ನೆರೆದ ಓಣಿಯ ಮಂದಿ, ಮೊಮ್ಮಕ್ಕಳು, ನಮ್ಮ ಡ್ರೈವರ್, ನಾನು, ಎಲ್ಲರೂ ಸೇರಿ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಅಜ್ಜಿ ನಿಂತಲ್ಲೇ ಗದರಿದಳು: "ಚಪ್ಪಾಳಿ ಆಮ್ಯಾಲ ಹೊಡೀರ್ಲೇ, ಮೊದಲ ಬಂದು ಹಿಡೀರಿ! ಕೂಸು ಬೀಳಾಕತ್ತೈತಿ!"